ನಿಂತುಕೊಂಡೇ ಇದ್ದ ಅಕ್ಕ

ಅಕ್ಕ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಅಂಕೋಲೆಯ ಮೀನುಪೇಟೆಯಲ್ಲಿ, ಅದೂ ಅವಳ ನಾದಿನಿಯ ಹತ್ತಿರ ಬಂಗಡೆಗೆ ಚೌಕಾಶಿ ಮಾಡುತ್ತಿದ್ದಾಗ.

"ಅತ್ಗೆ ಹೋಗಿ ತಿಂಗ್ಳಾಯ್ತು ವಕೀಲ್ರೆ. ಎದೆನೋವು ಅಂದ್ರು. ಆಸ್ಪತ್ರೆಗೆ ಹೋಗ್ವ ಅಂದ್ರೆ ಬ್ಯಾಡವೇ ಬ್ಯಾಡ ಅಂದ್ರು."

ಕೈಯಲ್ಲಿದ್ದ ಬಂಗಡೆಯನ್ನು ವಾಪಸ್ ಇಡಬೇಕೋ, ಕೊಳ್ಳಬೇಕೋ ತಿಳಿಯಲಿಲ್ಲ. ದುಃಖ ಹೇಳಿಕೊಳ್ಳುವವನ ಕೈಯಲ್ಲಿ ಮೀನು ಇರಬಾರದು. ಏನು ಹೇಳಿದರೂ ರೇಟು ಇಳಿಸಲು ಹೇಳಿದಂತೆಯೇ ಕೇಳಿಸುತ್ತದೆ. ಕೊನೆಗೆ ಅವಳು ಹೇಳಿದ ರೇಟಿಗೇ ಕೊಂಡುಕೊಂಡು ಬಂದೆ. ಆ ದಿನ ಅಡುಗೆ ರುಚಿಸಲಿಲ್ಲ. ದುಃಖದಿಂದಲೋ, ಬಂಗಡೆ ಹಳೆಯದಾಗಿತ್ತೋ ಹೇಳಲಾರೆ. ಅಕ್ಕ ಇದ್ದಿದ್ದರೆ ಕಿವಿರು ಎತ್ತಿ ತೋರಿಸಿ, "ಇದು ಬ್ಯಾಡ ತಮಾ, ನಿನ್ನೇದು" ಅನ್ನುತ್ತಿದ್ದಳು.

ಅವಳನ್ನು ಮೊದಲು ಕಂಡಾಗ ನಾನು ಕಾರವಾರದಲ್ಲಿ ಹೊಸ ವಕೀಲ. ಕರಿ ಕೋಟು ಹೊಲಿಸಿಯಾಗಿತ್ತು, ಅದರೊಳಗೆ ವಕೀಲ ಇನ್ನೂ ಬಂದು ಸೇರಿರಲಿಲ್ಲ. ಸೀನಿಯರ್ ಕೋರ್ಟಿಗೆ ಹೋದಾಗ ಆಫೀಸು ಕಾಯುವುದು, ಬಂದವರನ್ನು ಕೂರಿಸುವುದು ನನ್ನ ಕೆಲಸ. ಆ ದಿನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ನಲವತ್ತು ದಾಟಿದ ವಯಸ್ಸು, ಅಂಕೋಲೆಯ ಪಕ್ಕದ ಕೇಣಿಯ ಮೀನುಗಾರರ ಮನೆಯವಳು.

"ಕೂತ್ಕೊಳ್ಳಿ ಅಕ್ಕಾ," ಎಂದೆ.

"ಅಡ್ಡಿಲ್ಲ."

ಇವಳು ಸಂಕೋಚ ಪಡುತ್ತಿದ್ದಾಳೆ ಎಂದುಕೊಂಡೆ. ಸಮಾನತೆಯ ಮೇಲೆ ಕಾಲೇಜಿನಲ್ಲಿ ನಾನು ಭಾಷಣ ಮಾಡಿ ಬಹುಮಾನವಾಗಿ ಒಂದು ಪೆನ್ನು ಪಡೆದವನು. ಅಂಥ ಸಂದರ್ಭ ಮತ್ತೆ ಸಿಕ್ಕಿತಲ್ಲ! ಕುರ್ಚಿಯನ್ನು ಎಳೆದು ಅವಳ ಮುಂದೆ ಇಟ್ಟೆ. ನಮ್ಮ ಆಫೀಸಿನಲ್ಲಿ ಮೇಲು ಕೀಳು ಇಲ್ಲ, ಜಾತಿ ಗೀತಿ ಇಲ್ಲ, ಸಂವಿಧಾನ ಎಲ್ಲರಿಗೂ ಕುರ್ಚಿ ಕೊಟ್ಟಿದೆ ಎಂದೆಲ್ಲ ಹೇಳಿದೆ. ಅಷ್ಟಕ್ಕೂ ಅವಳು ಅಲುಗಾಡದಿದ್ದಾಗ ನನ್ನ ಕುರ್ಚಿಯ ದಿಂಬನ್ನೇ ತೆಗೆದು ಅವಳ ಕುರ್ಚಿಗೆ ಹಾಕಿದೆ. ಅವಳು ಭಾಷಣವನ್ನು ಪೂರ್ತಿ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ಕೂರುಕೆ ಆಗ್ತಿದ್ರೆ ನಿಮ್ಮತ್ರ ಎಂತಕ್ ಬರ್ತಿದ್ದೆ ತಮಾ?"

ಅವಳ ವ್ಯಾಜ್ಯವೆಲ್ಲ ಆ ಒಂದು ಮಾತಿನಲ್ಲಿತ್ತು. ಹೆರಿಗೆಗಳಾಗಿ, ವರ್ಷಗಟ್ಟಲೆ ತಲೆಹೊರೆ ಹೊತ್ತು ಅವಳ ಗರ್ಭಕೋಶ ಜಾರಿತ್ತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿದರು. "ಒಳಗೆ ಒಂದು ಆಧಾರ ಕೊಡ್ತೇವೆ" ಎಂದಿದ್ದರಂತೆ. ಆ ಆಧಾರ ಎಂದರೆ ಪ್ಲಾಸ್ಟಿಕ್ ನೂಲಿನ ಜಾಳಿಗೆ ಎಂದು ಹೇಳಿರಲಿಲ್ಲ. ಕೆಲವು ತಿಂಗಳು ಚೆನ್ನಾಗಿತ್ತು. ಆಮೇಲೆ ಕೂತರೆ ಚುಚ್ಚತೊಡಗಿತು. ಉಚ್ಚೆಗೆ ಹೋದರೆ ಉರಿ, ಮೇಲಿಂದ ಮೇಲೆ ಜ್ವರ, ರಕ್ತ. ಜಾಳಿಗೆಯ ಅಂಚು ಮಾಂಸ ಕೊಯ್ದು ಹೊರಬಂದಿದೆ ಎಂದು ಬೇರೊಬ್ಬ ಡಾಕ್ಟರು ನೋಡಿ ಹೇಳಿದಾಗಲೇ ಒಳಗೆ ಏನಿದೆ ಎಂದು ಅವಳಿಗೆ ಗೊತ್ತಾಗಿದ್ದು. ಆಪರೇಶನ್ ಮಾಡಿದ ಡಾಕ್ಟರಬಾಯಿ ಮಾತ್ರ, "ಎಲ್ಲ ಸರಿಯಾಗಿದೆ, ನಿನಗೆ ಮನಸ್ಸಿನ ಚಿಂತೆ" ಎಂದು ನಿದ್ರೆ ಮಾತ್ರೆ ಬರೆದುಕೊಟ್ಟಿದ್ದರು.

"ಬಲೆಯಂತೆ ತಮಾ," ಎಂದಳು ಅಕ್ಕ. "ನಮ್ಮನೇಲಿ ಬಲೆ ಸಿಕ್ಕಾದ್ರೆ ಕೂತ್ಕಂಡು ಬಿಡಿಸ್ತೇವೆ. ಇದನ್ನ ಬಿಡ್ಸುಕೆ ಯಾರತ್ರ ಹೋಗುದು? ನಂಗೆ ದುಡ್ಡು ಗಿಡ್ಡು ಎಂತ ಬ್ಯಾಡ. ಹಾಕ್ದವ್ರು ತೆಗ್ಸಿ ಕೊಡ್ಲಿ. ಕೂರುಕೆ ಆಗ್ಬೇಕು. ಅಷ್ಟೇಯ."

ಮೀನು ಮಾರುವವಳಿಗೆ ಕೂರಲಾಗದಿದ್ದರೆ ಏನಾಗುತ್ತದೆ ಎಂದು ನೋಡಲು ಅಂಕೋಲೆಗೆ ಹೋಗಬೇಕಿತ್ತು. ಪೇಟೆಯಲ್ಲಿ ಎಲ್ಲರೂ ಸಾಲಾಗಿ ಕೂತಿದ್ದರೆ ಅಕ್ಕ ಒಬ್ಬಳೇ, ಬೋರಲು ಹಾಕಿದ ಎಣ್ಣೆ ಡ್ರಮ್ಮಿನ ಮೇಲೆ ಬುಟ್ಟಿಯಿಟ್ಟು, ಕಂಬಕ್ಕೆ ಸೊಂಟ ಆನಿಸಿ, ಕಾಲು ಬದಲಾಯಿಸುತ್ತ ನಿಂತಿರುತ್ತಿದ್ದಳು. "ಎಂತದೇ ಮಾಸ್ತರ್ತಿ, ಇವತ್ತು ಯಾವ ಪಾಠ?" ಎಂದು ಅಕ್ಕಪಕ್ಕದವರು ಕಿಚಾಯಿಸುತ್ತಿದ್ದರು. "ನಿಂಗೆ ಲೆಕ್ಕದ ಪಾಠ. ನಿನ್ನೆ ಕಲ್ಸಿದ್ದು ಮರ್ತು ಹೋತಲ್ಲೇ," ಎಂದು ಇವಳೂ ಬಿಡುತ್ತಿರಲಿಲ್ಲ. ಆದರೆ ಮೀನು ಕೊಯ್ದು ಕೊಡಲು ಈಳಿಗೆಮಣೆಯ ಮೇಲೆ ಕೂರಲೇಬೇಕು. ಕೊಯ್ಯಿಸಿಕೊಳ್ಳುವ ಗಿರಾಕಿಗಳು ಒಬ್ಬೊಬ್ಬರಾಗಿ ನಾದಿನಿಯ ಕಡೆಗೆ ಸರಿಯುತ್ತಿದ್ದರು. ಅಕ್ಕನ ಬುಟ್ಟಿಯಲ್ಲಿ ಮಧ್ಯಾಹ್ನವಾದರೂ ಮೀನು ಉಳಿದಿರುತ್ತಿತ್ತು.

ನಮ್ಮ ಸೀನಿಯರ್ ಎಂಥ ಕೇಸಿಗೂ ಹೆದರುವವರಲ್ಲ, ಆದರೆ ಇದನ್ನು ಕೇಳಿ ಕೆಮ್ಮಿದರು. ಹೆಂಗಸರ ವಿಷಯ ಎಂದರೆ ಅವರಿಗೆ ಕೆಮ್ಮು ಬರುತ್ತದೆ. ಕೆಮ್ಮುತ್ತಲೇ ಮೂರು ದಾರಿ ಹೇಳಿದರು. ವೈದ್ಯರ ಮಂಡಳಿಗೆ ದೂರು ಕೊಡಬಹುದು, ಅಲ್ಲಿ ಡಾಕ್ಟರರನ್ನು ಡಾಕ್ಟರರೇ ವಿಚಾರಿಸುತ್ತಾರೆ. ಪೊಲೀಸರ ಹತ್ತಿರ ಹೋಗಬಹುದು, ಅವರು ಮೊದಲು ಇವಳನ್ನೇ ಗಂಟೆಗಟ್ಟಲೆ ಬೆಂಚಿನ ಮೇಲೆ ಕೂರಿಸುತ್ತಾರೆ. ಉಳಿದಿದ್ದು ಗ್ರಾಹಕರ ವೇದಿಕೆ. ಅಲ್ಲಿಗೆ ಹೋಗಲು ಎರಡು ವರ್ಷದ ಗಡುವು. ಅದನ್ನು ಆಪರೇಶನ್ ಆದ ದಿನದಿಂದ ಎಣಿಸಿದರೆ ಮುಗಿಯುತ್ತ ಬಂದಿತ್ತು, ಜಾಳಿಗೆ ಇದೆ ಎಂದು ತಿಳಿದ ದಿನದಿಂದ ಎಣಿಸಿದರೆ ಇನ್ನೂ ಇತ್ತು. "ವಾದ ಮಾಡುತ್ತ ಕೂರುವುದಕ್ಕಿಂತ ಬೇಗ ಹಾಕಿಬಿಡು. ನೀನೇ ನೋಡಿಕೋ," ಎಂದು ಫೈಲನ್ನು ನನ್ನ ಕಡೆ ತಳ್ಳಿ ಇನ್ನೊಮ್ಮೆ ಕೆಮ್ಮಿದರು.

ನಾನು ಧೈರ್ಯಶಾಲಿ. ದೂರಿನ ಮೊದಲ ಪುಟದಿಂದ ಕೊನೆಯ ಪುಟದವರೆಗೆ "ಆ ಭಾಗ" ಎಂದೇ ಬರೆದೆ. ಆ ಭಾಗದಲ್ಲಿ ನೋವು, ಆ ಭಾಗದಲ್ಲಿ ಜಾಳಿಗೆ. ಮೊದಲ ತಾರೀಕಿನಲ್ಲೇ ಆಸ್ಪತ್ರೆಯ ಕಡೆಯ ವಕೀಲರು ಎದ್ದುನಿಂತು, "ಯಾವ ಭಾಗ ಸ್ವಾಮಿ? ಕಾರವಾರದ ಭಾಗವೋ, ಅಂಕೋಲೆಯ ಭಾಗವೋ?" ಎಂದರು. ವೇದಿಕೆಯ ಅಧ್ಯಕ್ಷರೂ ನಕ್ಕರು. ತಿದ್ದಿ ತನ್ನಿ ಎಂದು ಆದೇಶವಾಯಿತು.

ತಿದ್ದಬೇಕೆಂದರೆ ಮೊದಲು ನನಗೆ ಗೊತ್ತಿರಬೇಕಲ್ಲ? ಪರಿಚಯದ ಮೆಡಿಕಲ್ ವಿದ್ಯಾರ್ಥಿಯೊಬ್ಬನಿಂದ ದಪ್ಪ ಪುಸ್ತಕ ತಂದು ಕೋಡಿಬಾಗದ ನಮ್ಮ ಮನೆಯಲ್ಲಿ ಓದಲು ಕೂತೆ. ಹೆಣ್ಣಿನ ದೇಹವನ್ನು ಉದ್ದಕ್ಕೆ ಸೀಳಿ ಬರೆದ ಚಿತ್ರವನ್ನು ಕಾಗದದ ಮೇಲೆ ನಕಲು ಮಾಡಿ, ಜಾಳಿಗೆ ಎಲ್ಲಿ ಬರುತ್ತದೆ ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ. ಮರುದಿನ ಅಂಗಿ ಒಗೆಯುವಾಗ ಆ ಕಾಗದ ನನ್ನ ಹೆತ್ತ ಆಯಿಯ ಕೈಗೆ ಸಿಕ್ಕಿತು. ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ನನಗೆ ಹೆಣ್ಣು ನೋಡಲು ಇಬ್ಬರಿಗೆ ಹೇಳಿಯಾಗಿತ್ತು. ಇದನ್ನು ಅಕ್ಕನಿಗೆ ಹೇಳಿದಾಗ ಅವಳು ಕಂಬ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಹೊಟ್ಟೆ ಹಿಡಿದುಕೊಂಡಳು. ನಕ್ಕರೂ ನೋಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅಕ್ಕ ಯಾರನ್ನೂ ಹೆಸರಿನಿಂದ ಕರೆದವಳಲ್ಲ. ನಡುವಿನ ಕುರ್ಚಿಯಲ್ಲಿ ಕೂರುವ ಅಧ್ಯಕ್ಷರು "ನಡೂ ಸಾಯ್ಬ್ರು". ಎದುರು ವಕೀಲರು ತೆಳ್ಳಗೆ ಕಪ್ಪಗೆ ಇದ್ದುದರಿಂದ "ಒಣ ಬಂಗಡೆ". ನನಗೂ ಒಂದು ಹೆಸರಿದೆ ಎಂದು ನಾದಿನಿಯಿಂದ ತಿಳಿಯಿತು: ಸಿಗಡಿ. ಯಾಕೆಂದು ಅಕ್ಕನನ್ನೇ ಕೇಳಿದೆ.

"ನೀ ಹಾರುದು ನೋಡಿ ಹೇಳ್ದೆ ತಮಾ. ಸಿಪ್ಪೆ ತೆಗ್ದ್ರೆ ಒಳಗೆ ಎಷ್ಟದೆ ಅಂತ ಇನ್ನೂ ನೋಡ್ಲಿಲ್ಲ."

ಮನೆಯ ವಿಷಯ ಅವಳು ಹೆಚ್ಚು ಮಾತಾಡಿದವಳಲ್ಲ. ಒಮ್ಮೆ ಮಾತ್ರ, ಗಂಡ ಹೊರಗಿನ ಜಗಲಿಯಲ್ಲಿ ಹಾಸಿಗೆ ಹಾಕಿಕೊಂಡು ಎರಡು ಮಳೆಗಾಲವಾಯಿತು ಎಂದಳು. "ಅವ್ರನ್ನ ಬೈಯುಕೆ ಆಗುದಿಲ್ಲ. ನಾನೇ ಕಳ್ಸಿದ್ದು." ಅಷ್ಟು ಹೇಳಿ ಬುಟ್ಟಿಯ ಮೇಲೆ ಕೂತ ನೊಣ ಓಡಿಸಿದಳು.

ಕೇಸಿಗೆ ಬೇಕಾಗಿದ್ದು ಒಬ್ಬ ಡಾಕ್ಟರರ ಅಭಿಪ್ರಾಯ. ನೋವು ಜಾಳಿಗೆಯಿಂದಲೇ ಎಂದು ಒಬ್ಬರು ವೇದಿಕೆಯ ಮುಂದೆ ಹೇಳಬೇಕು. ಅಕ್ಕನನ್ನು ಕರೆದುಕೊಂಡು ಎಷ್ಟೋ ಬಾಗಿಲು ತಟ್ಟಿದೆ. ಅವಳನ್ನು ಪರೀಕ್ಷೆ ಮಾಡಿ ಹೊರಬಂದವರೆಲ್ಲ ದನಿ ತಗ್ಗಿಸಿ, "ಹೌದು, ಅದರಿಂದಲೇ" ಎನ್ನುತ್ತಿದ್ದರು. ಬಂದು ಹೇಳುತ್ತೀರಾ ಎಂದರೆ ವಾಚು ನೋಡಿಕೊಳ್ಳುತ್ತಿದ್ದರು. ಒಬ್ಬರು ನನ್ನ ಭುಜ ತಟ್ಟಿ ಚಹಾ ಕುಡಿಸಿ ಕಳಿಸಿದರು. ಆಪರೇಶನ್ ಮಾಡಿದವರು ಅವರ ಸಹಪಾಠಿಯಂತೆ. ಹೊರಗೆ ಬಂದ ಮೇಲೆ ಅಕ್ಕ, "ಚಾ ಚಲೋ ಇತ್ತನಾ?" ಎಂದು ಕೇಳಿದಳು. ಅವಳಿಗೆ ಚಹಾ ಕೊಟ್ಟಿರಲಿಲ್ಲ.

ಹೀಗಾಗಿ ನಮ್ಮ ಕಡೆ ಉಳಿದಿದ್ದು ನನ್ನ ಪಾಟೀಸವಾಲು. ಆ ದಿನಕ್ಕಾಗಿ ನಾನು ಕನ್ನಡಿಯ ಮುಂದೆ ಒಂದು ವಾರ ತಾಲೀಮು ಮಾಡಿದ್ದೆ. ಡಾಕ್ಟರಬಾಯಿ ಸಾಕ್ಷಿಕಟ್ಟೆಗೆ ಬಂದರು. ಶಾಂತ ಮುಖ, ಇಸ್ತ್ರಿ ಮಾಡಿದ ಕಾಟನ್ ಸೀರೆ. ಜಾಳಿಗೆ ಹಾಕುವ ಮುನ್ನ ರೋಗಿಗೆ ವಿವರಿಸಿದ್ದಿರಾ ಎಂದು ಕೇಳಿದೆ. "ಬಾಯಿಮಾತಲ್ಲಿ ಹೇಳಿದ್ದೆ" ಎಂದರು, ಆದರೆ ಹೇಳುವಾಗ ತಡವರಿಸಿದರು. ಬೇರೆ ಯಾವ ವಕೀಲನಾದರೂ ಅಲ್ಲಿಗೆ ನಿಲ್ಲಿಸಿ ಕೂತುಬಿಡುತ್ತಿದ್ದ. ನನಗೆ ಕನ್ನಡಿಯ ಮುಂದೆ ಕಲಿತ ಕೊನೆಯ ಪ್ರಶ್ನೆ ಬಾಕಿ ಇತ್ತು. ಕೋಟಿನ ಎರಡೂ ಅಂಚು ಹಿಡಿದುಕೊಂಡು ಗುಡುಗಿದೆ:

"ಆಪರೇಶನ್ ಆದ ಮೇಲೆ ಈ ಬಡ ಹೆಂಗಸು ಹೇಗಿದ್ದಾಳೆ ಎಂದು ನೀವು ಒಮ್ಮೆಯಾದರೂ ಕಣ್ಣೆತ್ತಿ ನೋಡಿದ್ದಿರಾ?"

"ನೋಡಿದ್ದೇನೆ," ಎಂದರು ಡಾಕ್ಟರಬಾಯಿ. "ಭಾರ ಎತ್ತಬೇಡ ಎಂದು ಹೇಳಿ ಕಳಿಸಿದ್ದೆ. ಎರಡು ತಿಂಗಳೂ ಆಗಿರಲಿಲ್ಲ, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತುಕೊಂಡು ನಮ್ಮ ಮನೆಗೇ ಬಂದಿದ್ದಳು."

ಒಣ ಬಂಗಡೆಯವರು ನನ್ನ ಕಡೆ ನೋಡಿದ ನೋಟದಲ್ಲಿ ಕೃತಜ್ಞತೆಯಿತ್ತು. ಅವರಿಗೂ ಈ ಸಂಗತಿ ಗೊತ್ತಿರಲಿಲ್ಲ. ಅವರ ಕೇಸನ್ನು ನಾನೇ ಗೆದ್ದು ಕೊಟ್ಟಿದ್ದೆ, ಫೀಸೂ ತೆಗೆದುಕೊಳ್ಳದೆ.

ಅಕ್ಕನನ್ನು ಕಟ್ಟೆಗೆ ಕರೆದರು. ಇಲ್ಲ ಅನ್ನಲಿ, ಬುಟ್ಟಿ ಬೇರೆಯವರದು ಅನ್ನಲಿ ಎಂದು ನಾನು ಕಣ್ಣಲ್ಲೇ ಹೇಳುತ್ತಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಹೌದು ಸಾಯ್ಬ್ರೆ. ಹೋಗಿದ್ದೆ."

"ಯಾಕೆ ಹೋಗಿದ್ದೆ?" ಎಂದರು ಒಣ ಬಂಗಡೆ.

"ಆವಾಗ ಚಲೋ ಆಗಿತ್ತಲ? ನಮ್ಮ ದೋಣಿಗೆ ಪಾಪ್ಲೆಟ್ ಸಿಕ್ಕಿತ್ತು. ಚಲೋ ಮಾಡ್ದವ್ರಿಗೆ ಕೊಡ್ಬೇಕು ಅಂತ ತಕಂಡು ಹೋದೆ."

"ಕೈಯಲ್ಲಿ ಚೀಲದಲ್ಲಿ ಒಯ್ಯಬಹುದಿತ್ತಲ್ಲ?"

ಅಕ್ಕನಿಗೆ ಪ್ರಶ್ನೆಯೇ ವಿಚಿತ್ರ ಅನಿಸಿರಬೇಕು. "ಚೀಲದಲ್ಲಿ ಕೊಟ್ರೆ ಪೇಟೆಯಿಂದ ಕೊಂಡ್ಕಂಡು ಬಂದಂಗೆ ಆಗ್ತದೆ. ನಮ್ಮಲ್ಲಿ ಹಂಗೆ ಕೊಡುದಿಲ್ಲ. ನಮ್ಮ ದೋಣಿ ಮೀನು ಕೊಡುದಾದ್ರೆ ಬುಟ್ಟೀಲಿಟ್ಟು ತಲೆ ಮೇಲೆ ಹೊತ್ಕಂಡು ಹೋಗ್ಬೇಕು, ಅವ್ರ ಹೊಸ್ಲಿಗೇ ಇಳಿಸ್ಬೇಕು. ಗೇಟಿನ ತನ್ಕ ನಾದ್ನಿ ಹೊತ್ತಿದ್ಲು. ಗೇಟಿನಿಂದ ಒಳಗೆ ನಾ ಹೊತ್ತೆ. ನಂಗೆ ಚಲೋ ಮಾಡ್ದವ್ರ ಮನೆ ಒಳಗೆ ಅವ್ಳು ಹೊತ್ಕಂಡು ಹೋಗುದು ಹೆಂಗೆ?"

"ಅಂದರೆ ಹೊತ್ತಿದ್ದು ನಿಜ."

"ನಿಜ."

ಅಧ್ಯಕ್ಷರು ಸಜ್ಜನರು. ಪ್ರತಿ ತಾರೀಕಿನಂತೆ ಆವತ್ತೂ, "ಎಷ್ಟು ಹೊತ್ತು ನಿಂತಿರ್ತೀಯಮ್ಮ, ಕುರ್ಚಿ ತೆಗೆದುಕೋ," ಎಂದರು.

"ಕೂರುಕೆ ಆಗುದಿಲ್ಲ ಸಾಯ್ಬ್ರೆ. ನಮ್ಮ ವಕೀಲ ಹುಡ್ಗಂಗೆ ಹೇಳುಕೆ ನಾಚ್ಕೆ, ನಾನೇ ಹೇಳ್ತೆ. ಕೂತ್ರೆ ಒಳಗಿಂದು ಚುಚ್ತದೆ, ರಕ್ತ ಬರ್ತದೆ. ಬಸ್ಸಲ್ಲೂ ನಿಂತೇ ಬರುದು. ಅನ್ನನೂ ನಿಂತೇ ಉಣ್ಣುದು. ನಾ ಮರ್ಯಾದೆಗೆ ನಿಂತಿದ್ದೆ ಅಂತ ನೀವು ಅಂದ್ಕಂಡ್ರನಾ?"

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. ಡಾಕ್ಟರಬಾಯಿ ತಲೆ ತಗ್ಗಿಸಿ ಸೀರೆಯ ಅಂಚು ಸರಿಮಾಡಿಕೊಂಡರು. ಅಂದು ಆದೇಶ ಬರೆದಿದ್ದರೆ ನಾವು ಗೆಲ್ಲುತ್ತಿದ್ದೆವು ಎಂದು ಈಗಲೂ ನನಗೆ ಅನಿಸುತ್ತದೆ. ಆದರೆ ಹಾಗೆ ಬರೆಯುವುದಿಲ್ಲವಲ್ಲ. ತಾರೀಕು ಮುಂದಕ್ಕೆ ಹೋಯಿತು. ಮುಂದಿನ ತಾರೀಕಿಗೆ ಅಧ್ಯಕ್ಷರ ಅವಧಿಯೇ ಮುಗಿದಿತ್ತು. ಹೊಸಬರು ಬರುವವರೆಗೆ ತಾರೀಕಿನ ಮೇಲೆ ತಾರೀಕು. ಅಕ್ಕ ಅಂಕೋಲೆಯಿಂದ ನಿಂತು ಬರುತ್ತಿದ್ದಳು, ಗೋಡೆಗೆ ಒರಗಿ ನಿಂತು ಹೊಸ ತಾರೀಕು ಕೇಳಿಸಿಕೊಂಡು, ನಿಂತು ವಾಪಸ್ ಹೋಗುತ್ತಿದ್ದಳು. ತಮಾಷೆ ಮಾಡುವುದು ಕಡಿಮೆಯಾಯಿತು. ಹೊಸ ಅಧ್ಯಕ್ಷರಿಗೆ ಅವಳು ಹೆಸರೇ ಇಡಲಿಲ್ಲ. ನಾನಾಗಿ ಕೇಳಿದರೆ, "ನೀನೇ ಒಂದಿಡು ಮಾರಾಯ, ನಂಗೆ ಸಾಕಾಗೀದೆ," ಎಂದಳು.

ಕೊನೆಗೊಂದು ದಿನ ಒಣ ಬಂಗಡೆಯವರು ನಮ್ಮಿಬ್ಬರನ್ನು ಹೊರಗಿನ ಮೂಲೆಗೆ ಕರೆದರು. ಆಸ್ಪತ್ರೆಯವರು ರಾಜಿಗೆ ಸಿದ್ಧ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಜಾಳಿಗೆ ತೆಗೆಸುವ ಖರ್ಚೆಲ್ಲ ಅವರದೇ. ಇವಳು ಒಂದು ಹೇಳಿಕೆಗೆ ಒಪ್ಪಬೇಕು. ವೈದ್ಯರ ಸಲಹೆ ಮೀರಿ ಭಾರ ಹೊತ್ತಿದ್ದರಿಂದ, ವೈದ್ಯರ ಮನೆಗೇ ಬುಟ್ಟಿ ಹೊತ್ತು ತಂದಿದ್ದೂ ಸೇರಿ, ತೊಂದರೆಯಾಗಿದೆ, ವೈದ್ಯರ ತಪ್ಪಿಲ್ಲ ಎಂದು.

ನಾನು ಕೂಡಲೇ ಹಾರಿದೆ. ಸಿಗಡಿ ಹಾರದೆ ಇರುತ್ತದೆಯೇ? "ಒಪ್ಪಬೇಡ ಅಕ್ಕಾ. ಸುಳ್ಳು ಅದು. ಇಲ್ಲಿ ಸೋತರೆ ಬೆಂಗಳೂರಿಗೆ ಹೋಗೋಣ, ಅಲ್ಲಿ ಸೋತರೆ ದಿಲ್ಲಿಗೆ!"

"ದಿಲ್ಲಿಗೂ ನಿಂತೇ ಹೋಗುದನಾ ತಮಾ?"

ಅಕ್ಕ ಒಣ ಬಂಗಡೆಯವರ ಕಡೆ ತಿರುಗಿದಳು.

"ಭಾರ ಹೊತ್ತೆ ಅಂತ ಬರ್ಕಳ್ಳಿ. ಹುಟ್ಟಿದಾಗಿಂದ ಹೊತ್ತೀನಿ, ಅದ್ರಲ್ಲೇನು? ಅವ್ರ ತಪ್ಪಿಲ್ಲ ಅಂತನೂ ಬರ್ಕಳ್ಳಿ, ನಿಮ್ಮ ಪುಣ್ಯ. ಆದ್ರೆ ಮೀನು ಕೊಟ್ಟಿದ್ದು ಬರೀಬ್ಯಾಡಿ."

"ಅದು ಇದ್ದರೇನಮ್ಮ? ನೀನೇ ಒಪ್ಪಿದ್ದಲ್ಲ?"

"ಒಪ್ಪಿದ್ದೆ. ಆದ್ರೆ ಅದು ನಾ ಖುಷೀಲಿ ಕೊಟ್ಟಿದ್ದು. ಅದ್ರಿಂದ ಹಾಳಾತು ಅಂತ ನನ್ನ ಹೆಬ್ಬೆಟ್ಟು ಒತ್ತುಕೆ ಆಗುದಿಲ್ಲ. ಅದೊಂದು ತೆಗೀರಿ. ಇಲ್ದಿದ್ರೆ ನಾ ನಿಂತೇ ಸಾಯ್ತೆ, ಅಡ್ಡಿಲ್ಲ."

ಒಣ ಬಂಗಡೆಯವರು ನನ್ನ ಮುಖ ನೋಡಿದರು. ಆ ಸಾಲಿನಿಂದ ಅವರಿಗೆ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಅದನ್ನು ಹೊಡೆದುಹಾಕಿದರು. ಅಷ್ಟು ವರ್ಷ ನಡೆದ ಕೇಸಿನಲ್ಲಿ ಅಕ್ಕ ಕೇಳಿ ಪೂರ್ತಿಯಾಗಿ ಪಡೆದ ಪರಿಹಾರ ಎಂದರೆ ಆ ಹೊಡೆದುಹಾಕಿದ ಸಾಲು. ಅದಕ್ಕೂ ನಾನು ಬಾಯಿ ಬಿಟ್ಟಿರಲಿಲ್ಲ.

ಜಾಳಿಗೆ ಪೂರ್ತಿ ಬರಲಿಲ್ಲ. ಮಾಂಸದ ಜೊತೆ ಬೆಳೆದುಬಿಟ್ಟಿದೆ, ಎಳೆದರೆ ಬೇರೆ ಅಂಗಕ್ಕೆ ಅಪಾಯ ಎಂದು ಅಲ್ಲಿಯವರು ಸಿಕ್ಕಷ್ಟು ಕತ್ತರಿಸಿ ತೆಗೆದು, ಉಳಿದದ್ದನ್ನು ಒಳಗೇ ಬಿಟ್ಟರು. ತೆಗೆಯುವ ಮುನ್ನ ಇದನ್ನೆಲ್ಲ ಕೂತು ವಿವರಿಸಿದರಂತೆ. "ಅವ್ರು ಕೂತಿದ್ರು, ನಾ ನಿಂತಿದ್ದೆ" ಎಂದಳು ಅಕ್ಕ.

ಮಳೆ ಕಳೆದ ಮೇಲೆ ಒಂದು ದಿನ ಅವಳು ನಮ್ಮ ಆಫೀಸಿಗೆ ಬಂದಳು. ಕೇಸು ಮುಗಿದಿತ್ತು, ಕೆಲಸವೇನೂ ಇರಲಿಲ್ಲ. ಮುಖ ಇಳಿದಿತ್ತು, ಕೂದಲು ಬೆಳ್ಳಗಾಗಿತ್ತು. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತಳು. ಈ ಸಲ ನಾನು ಕುರ್ಚಿ ತೋರಿಸಲಿಲ್ಲ. ಅಷ್ಟು ಬುದ್ಧಿ ಬಂದಿತ್ತು.

"ಹೆಂಗದೆ ಅಕ್ಕಾ ಈಗ?"

"ಅದೇ ಹೇಳುಕೆ ಬಂದೆ. ಇವತ್ತು ಬಸ್ಸಲ್ಲಿ ಕೂತ್ಕಂಡೆ ತಮಾ. ಕಿಡಕಿ ಹತ್ರ ಸೀಟು ಖಾಲಿ ಇತ್ತು. ಕಂಡಕ್ಟರಿಗೇ ಆಶ್ಚರ್ಯ, 'ಹೋ ಅಮ್ಮ ಕೂತ್ಲಲ' ಅಂದ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಕಾರವಾರದ ತನಕ?"

"ಎಂತಾ ಕಾರವಾರ! ಅವರ್ಸಾ ತನ್ಕ." ಅಂಕೋಲೆ ಬಿಟ್ಟ ಬಸ್ಸಿಗೆ ಅವರ್ಸಾ ಎಂದರೆ ಕಾಲು ದಾರಿಯೂ ಅಲ್ಲ. ಅಕ್ಕ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿಕೊಂಡಳು. "ಅಲ್ಲಿಂದ ಮುಂದೆ ನಿಂತೆ. ನಿಂತು ರೂಢಿ ಅದೆ."